ವಿಪತ್ತಿನ ನಂತರದ ಮದುವೆಗಳು: ಪರಿಹಾರ ಶಿಬಿರಗಳಲ್ಲಿ ನಾನು ಮಾಡಿದ ಕೆಲಸ

ನೆರೆ, ಬರ, ಚಂಡಮಾರುತಗಳಿಂದ ಮನೆ ಕಳೆದುಕೊಂಡ ಕುಟುಂಬಗಳ ನಡುವೆ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತ ನಾನು ಹಲವು ವರ್ಷಗಳನ್ನು ಕಳೆದಿದ್ದೇನೆ. ಬಾಲ್ಯವಿವಾಹ ತಡೆಯುವುದೆಂದರೆ ಮುಹೂರ್ತದ ಹೊತ್ತಿಗೆ ಪೊಲೀಸರೊಂದಿಗೆ ಹೋಗಿ ಮದುವೆ ನಿಲ್ಲಿಸುವುದು ಎಂದೇ ಹೊರಗಿನವರು ತಿಳಿದಿರುತ್ತಾರೆ. ಆ ಕೆಲಸವನ್ನೂ ನಾನು ಮಾಡಿದ್ದೇನೆ. ಆದರೆ ಅದು ಇಡೀ ಕೆಲಸದ ಕೊನೆಯ ಮತ್ತು ಅತಿ ಚಿಕ್ಕ ಭಾಗ. ವಿಪತ್ತಿನ ನಂತರ ಹುಡುಗಿಯೊಬ್ಬಳ ಮದುವೆ ನಿಶ್ಚಯವಾಗುವುದು ಮುಹೂರ್ತಕ್ಕೆ ಬಹಳ ಮುಂಚೆ, ತಾಯ್ತಂದೆಯರು ರಾತ್ರಿ ನಿದ್ದೆಯಿಲ್ಲದೆ ಲೆಕ್ಕ ಹಾಕುವಾಗ. ಆ ಲೆಕ್ಕದಲ್ಲಿ ಮದುವೆ ಯಾವ ಕೊರತೆಯನ್ನು ತುಂಬುತ್ತದೆ ಎಂಬುದನ್ನು ತಿಳಿದು, ಅದೇ ಕೊರತೆಯನ್ನು ಬೇರೆ ದಾರಿಯಿಂದ ತುಂಬಿಕೊಟ್ಟರೆ ಮಾತ್ರ ಮದುವೆ ಮುಂದಕ್ಕೆ ಹೋಗುತ್ತದೆ. ನನ್ನ ಕೆಲಸದ ಕ್ರಮ ರೂಪುಗೊಂಡದ್ದು ಈ ಒಂದು ತಿಳಿವಳಿಕೆಯ ಮೇಲೆ.

ಸಮಸ್ಯೆ ಎಷ್ಟು ದೊಡ್ಡದೆಂಬುದನ್ನು ಮೊದಲು ಹೇಳಬೇಕು. ಇಂದು ಬದುಕಿರುವವರಲ್ಲಿ ಸುಮಾರು 64 ಕೋಟಿ ಹೆಣ್ಣುಮಕ್ಕಳು ಮತ್ತು ಮಹಿಳೆಯರು 18 ತುಂಬುವ ಮೊದಲೇ ಮದುವೆಯಾದವರು ಎಂದು ಯುನಿಸೆಫ್ 2023ರಲ್ಲಿ ಅಂದಾಜು ಮಾಡಿತು; ಪ್ರತಿ ವರ್ಷ ಸುಮಾರು 1.2 ಕೋಟಿ ಹುಡುಗಿಯರು ಈ ಸಾಲಿಗೆ ಸೇರುತ್ತಿದ್ದಾರೆ. ಮಳೆಯ ಪ್ರಮಾಣದಲ್ಲಿ ಶೇ 10ರಷ್ಟು ಏರುಪೇರಾದರೆ ಬಾಲ್ಯವಿವಾಹದ ಪ್ರಮಾಣ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎಂಬ ಲೆಕ್ಕವೂ ಅದೇ ವರದಿಯಲ್ಲಿದೆ. ಶೇ 1 ಎಂದರೆ ಕಿವಿಗೆ ಚಿಕ್ಕದಾಗಿ ಕೇಳಿಸಬಹುದು. ಆದರೆ ಹವಾಮಾನದ ಹೊಡೆತ ಎಲ್ಲೆಡೆ ಸಮನಾಗಿ ಹಂಚಿಹೋಗುವುದಿಲ್ಲ. ಮೊದಲೇ ಬಡತನ ಇರುವಲ್ಲಿ, ಮೊದಲೇ ಹುಡುಗಿಯರ ಮದುವೆ ಬೇಗ ಆಗುತ್ತಿರುವಲ್ಲಿ ಅದು ಮತ್ತೆ ಮತ್ತೆ ಬಂದು ಎರಗುತ್ತದೆ. ಇಥಿಯೋಪಿಯಾದಲ್ಲಿ ಸತತವಾಗಿ ಮಳೆ ಕೈಕೊಟ್ಟು ತೀವ್ರ ಬರ ಬಂದಾಗ, ಅತಿ ಹೆಚ್ಚು ಬಾಧಿತವಾದ ಪ್ರದೇಶಗಳಲ್ಲಿ 2022ರ ಮೊದಲ ನಾಲ್ಕು ತಿಂಗಳಲ್ಲಿ ನಡೆದ ಬಾಲ್ಯವಿವಾಹಗಳು ಹಿಂದಿನ ವರ್ಷದ ಅದೇ ಅವಧಿಗಿಂತ ದುಪ್ಪಟ್ಟಿಗೂ ಹೆಚ್ಚಾಗಿದ್ದವು.

ವಿಪತ್ತು ಬಂದರೆ ಬಡತನ, ಬಡತನ ಬಂದರೆ ಬಾಲ್ಯವಿವಾಹ ಎಂದು ನೇರ ಗೆರೆ ಎಳೆಯುವುದು ಸುಲಭ. ಅಷ್ಟು ನೇರವಾಗಿಲ್ಲ ಎಂಬುದನ್ನು ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಲೂಸಿಯಾ ಕಾರ್ನೊ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಬರ ಬಂದ ವರ್ಷ ಹುಡುಗಿಯರ ಬೇಗನೆಯ ಮದುವೆ ಹೆಚ್ಚುತ್ತದೆ. ಹೆಣ್ಣಿನ ಮನೆಯವರೇ ವರದಕ್ಷಿಣೆ ಕೊಡಬೇಕಾದ ಭಾರತದಲ್ಲಿ ಅದೇ ಬರ ಮದುವೆಗಳನ್ನು ಮುಂದೂಡುತ್ತದೆ. ಒಂದೆಡೆ ಮಗಳ ಮದುವೆ ಕುಟುಂಬಕ್ಕೆ ಹಣ ತರುತ್ತದೆ, ಇನ್ನೊಂದೆಡೆ ಹಣ ಕೇಳುತ್ತದೆ. ಈ ಅಧ್ಯಯನವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಏಕೆಂದರೆ ಹೊಸ ಜಾಗಕ್ಕೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಇಲ್ಲಿ ಮದುವೆಯ ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂಬುದು. ವರದಕ್ಷಿಣೆ ಇರುವಲ್ಲಿ ಅಪಾಯವಿಲ್ಲ ಎಂದು ಇದರಿಂದ ತೀರ್ಮಾನಿಸಬಾರದು. ಹುಡುಗಿಯ ವಯಸ್ಸು ಹೆಚ್ಚಿದಂತೆ ವರದಕ್ಷಿಣೆಯೂ ಹೆಚ್ಚುವ ಸಮಾಜಗಳಲ್ಲಿ, ಎಲ್ಲವನ್ನೂ ಕಳೆದುಕೊಂಡ ತಂದೆಗೆ ‘ಏನೂ ಬೇಡ, ಹುಡುಗಿಯನ್ನು ಕೊಟ್ಟರೆ ಸಾಕು’ ಎನ್ನುವ ಮಾತು ದೊಡ್ಡ ಸೆಳೆತವಾಗುತ್ತದೆ. ಹಾಗೆ ಕೇಳಿಕೊಂಡು ಬರುವವರು ಬಹಳ ಸಲ ವಯಸ್ಸಿನಲ್ಲಿ ತೀರ ಹಿರಿಯರು ಅಥವಾ ದೂರದೂರಿನವರು. ಮದುವೆಯ ಹೆಸರಿನಲ್ಲಿ ಮಕ್ಕಳನ್ನು ಸಾಗಿಸುವವರೂ ಇದೇ ಮಾತಿನೊಂದಿಗೆ ಬರುತ್ತಾರೆ.

ತಾಯ್ತಂದೆಯರ ಬಾಯಿಂದ ನಾನು ಕೇಳಿದ ಕಾರಣಗಳಲ್ಲಿ ಹಸಿವಿಗಿಂತ ಹೆಚ್ಚು ಸಲ ಬಂದದ್ದು ಭಯ. ಶಿಬಿರದಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ಒಂದೇ ಹೊದಿಕೆಯಡಿ ಪರಿಚಯವೇ ಇಲ್ಲದ ನಾಲ್ಕಾರು ಕುಟುಂಬಗಳು ಮಲಗುತ್ತವೆ. ‘ನಾನು ಬೆಳಿಗ್ಗೆ ಕೂಲಿ ಹುಡುಕಿಕೊಂಡು ಹೋದರೆ ಇವಳನ್ನು ಇಲ್ಲಿ ಯಾರ ಕಣ್ಣಳತೆಯಲ್ಲಿ ಬಿಟ್ಟು ಹೋಗಲಿ, ನೀವೇ ಹೇಳಿ ಅಮ್ಮಾ’ ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದರು. ಅವರು ಮಗಳನ್ನು ಹೊರೆಯೆಂದು ತಿಳಿದವರಲ್ಲ. ಅವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಆತಂಕದಲ್ಲಿ ಬೇಯುತ್ತಿದ್ದವರು. ಅಂಥವರ ಎದುರು ಕಾನೂನಿನ ಕಲಮು ಓದಿದರೆ ಅವರು ತಲೆಯಾಡಿಸುತ್ತಾರೆ, ನಾವು ಅತ್ತ ಹೋದ ಮೇಲೆ ಬೇರೆ ಊರಿನಲ್ಲಿ ಮದುವೆ ಮಾಡುತ್ತಾರೆ. ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಬಾಯಿಮಾತಿನಿಂದಲ್ಲ, ವ್ಯವಸ್ಥೆಯಿಂದ.

ಆದ್ದರಿಂದ ಶಿಬಿರ ತಲುಪಿದ ಕೂಡಲೇ ನಾನು ನೋಡುವುದು ಶೌಚಾಲಯ, ನೀರಿನ ಜಾಗ ಮತ್ತು ದೀಪ. ಬಾಲ್ಯವಿವಾಹಕ್ಕೂ ಶೌಚಾಲಯಕ್ಕೂ ಏನು ಸಂಬಂಧ ಎಂದು ಪರಿಹಾರ ಕಾರ್ಯದ ಎಂಜಿನಿಯರುಗಳು ನನ್ನನ್ನು ಕೇಳಿದ್ದುಂಟು. ಕತ್ತಲಲ್ಲಿ ದೂರದ ಶೌಚಾಲಯಕ್ಕೆ ಹೋದ ಹುಡುಗಿಗೆ ಯಾರೋ ಕಿರುಕುಳ ಕೊಟ್ಟರೆ, ಆ ಸುದ್ದಿ ಹರಡಿದ ವಾರದಲ್ಲೇ ಅವಳಿಗೂ ಅವಳ ಅಕ್ಕಪಕ್ಕದ ಹುಡುಗಿಯರಿಗೂ ಗಂಡು ಹುಡುಕುವುದು ಆರಂಭವಾಗುತ್ತದೆ ಎಂದು ನಾನು ಅವರಿಗೆ ವಿವರಿಸುತ್ತೇನೆ. ವಿಪತ್ತು ಪರಿಹಾರಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡಗಳು ಈ ವಿಷಯದಲ್ಲಿ ನನಗೆ ದೊಡ್ಡ ಆಸರೆ: 20 ಜನರಿಗೆ ಒಂದು ಶೌಚಾಲಯ, ಪುರುಷರ ಒಂದಕ್ಕೆ ಮಹಿಳೆಯರಿಗೆ ಮೂರು, ವಾಸದ ಜಾಗದಿಂದ 50 ಮೀಟರಿಗಿಂತ ದೂರವಿರಬಾರದು, ಒಳಗಿನಿಂದ ಚಿಲಕ ಇರಬೇಕು, ಬೆಳಕಿರಬೇಕು. ಕೇಳುವಾಗ ‘ಹೆಣ್ಣುಮಕ್ಕಳ ಸುರಕ್ಷತೆಗಾಗಿ’ ಎಂದಷ್ಟೇ ಹೇಳಿದರೆ ಅರ್ಜಿ ಬದಿಗೆ ಸರಿಯುತ್ತದೆ; ಅಳತೆ ಮತ್ತು ಸಂಖ್ಯೆಯೊಂದಿಗೆ ಬರೆದುಕೊಟ್ಟರೆ ಕೆಲಸ ಆಗುತ್ತದೆ. ಜೊತೆಗೆ, ಹಗಲು ತಾಯಂದಿರು ಸರದಿಯಲ್ಲಿ ಕುಳಿತು ಹುಡುಗಿಯರನ್ನು ನೋಡಿಕೊಳ್ಳುವ ಒಂದು ಪ್ರತ್ಯೇಕ ಜಾಗವನ್ನು ಗುರುತಿಸಿಕೊಳ್ಳುತ್ತೇವೆ. ಆ ತಂದೆಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದೇ ಆಗಿತ್ತು. ತಾವೇ ನಂಬುವ ಇಬ್ಬರು ಹೆಂಗಸರು ಅಲ್ಲಿ ಕುಳಿತಿರುವುದನ್ನು ಕಂಡ ಮೇಲೆ ಅವರು ಮಗಳ ಮದುವೆಯ ಮಾತುಕತೆಯನ್ನು ನಿಲ್ಲಿಸಿದರು. ಅವರ ಮನಸ್ಸು ಬದಲಾಯಿತು ಎನ್ನುವುದಕ್ಕಿಂತ ಅವರ ತುರ್ತು ತೀರಿತು ಎನ್ನುವುದು ಸರಿ.

ಎರಡನೆಯ ವಿಷಯ ಶಾಲೆ. ವಿಪತ್ತು ಬಂದಾಗ ಗಟ್ಟಿ ಕಟ್ಟಡವೆಂದು ಎಲ್ಲೆಡೆ ಶಾಲೆಯನ್ನೇ ಪರಿಹಾರ ಕೇಂದ್ರ ಮಾಡುತ್ತಾರೆ. ಜೀವ ಉಳಿಸುವ ಹೊತ್ತಿನಲ್ಲಿ ಅದು ಅನಿವಾರ್ಯ. ಆದರೆ ಜನ ಮನೆಗೆ ಮರಳಲಾಗದೆ ಅಲ್ಲಿಯೇ ಉಳಿದಷ್ಟು ಕಾಲ ತರಗತಿಗಳು ಮುಚ್ಚಿರುತ್ತವೆ, ಮತ್ತು ಶಾಲೆ ಮುಚ್ಚಿದ ಊರಿನಲ್ಲಿ ಹದಿಹರೆಯದ ಹುಡುಗಿಯನ್ನು ಮದುವೆಯ ವಯಸ್ಸಿನವಳೆಂದು ನೋಡಲು ಆರಂಭಿಸುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಅವಳು ಓದುತ್ತಿದ್ದಾಳೆ ಎಂಬ ಒಂದು ಮಾತು ಮನೆಬಾಗಿಲಿಗೆ ಬಂದ ಸಂಬಂಧವನ್ನು ಗೌರವದಿಂದ ಹಿಂದಕ್ಕೆ ಕಳಿಸಲು ತಾಯಿಗೆ ಸಿಗುವ ಅಸ್ತ್ರ; ಶಾಲೆ ನಿಂತರೆ ಆ ಅಸ್ತ್ರವೇ ಕೈತಪ್ಪುತ್ತದೆ. ಕೋವಿಡ್ ಕಾಲದಲ್ಲಿ ಜಗತ್ತು ಇದನ್ನು ಒಟ್ಟಾಗಿ ಕಂಡಿತು: ಶಾಲೆಗಳ ಮುಚ್ಚುಗಡೆ ಮತ್ತು ದುಡಿಮೆಯ ನಷ್ಟದಿಂದಾಗಿ 2030ರೊಳಗೆ ಹೆಚ್ಚುವರಿಯಾಗಿ 1 ಕೋಟಿ ಹುಡುಗಿಯರು ಬಾಲ್ಯವಿವಾಹದ ಅಪಾಯಕ್ಕೆ ಸಿಲುಕಬಹುದೆಂದು ಯುನಿಸೆಫ್ 2021ರಲ್ಲಿ ಎಚ್ಚರಿಸಿತ್ತು. ನಾನು ಶಾಲೆಯ ವಿಷಯದಲ್ಲಿ ಕಟ್ಟಡಕ್ಕಾಗಿ ಕಾಯುವುದಿಲ್ಲ. ಮರದಡಿಯೋ ತಾಡಪಾಲಿನಡಿಯೋ ದಿನಕ್ಕೆ ಎರಡು ತಾಸು ಪಾಠ ನಡೆದರೂ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು ಉಳಿಯುತ್ತದೆ. ಪಾಠದ ಗುಣಮಟ್ಟದ ಬಗ್ಗೆ ಆಮೇಲೆ ಚರ್ಚಿಸಬಹುದು. ಮೊದಲ ತಿಂಗಳಲ್ಲಿ ಬೇಕಾದದ್ದು ಹಾಜರಿ. ದೊಡ್ಡ ತರಗತಿಯ ಹುಡುಗಿ ಸತತವಾಗಿ ಗೈರುಹಾಜರಾದರೆ ಅದೇ ದಿನ ಶಿಕ್ಷಕಿ ನಮಗೆ ತಿಳಿಸುವಂತೆ ಮೊದಲೇ ಮಾತಾಡಿಕೊಂಡಿರುತ್ತೇವೆ. ಗುಟ್ಟಾಗಿ ಸಾಗುತ್ತಿದ್ದ ಮಾತುಕತೆಗಳ ಸುಳಿವು ನನಗೆ ಹೆಚ್ಚಾಗಿ ಸಿಕ್ಕಿದ್ದು ಈ ದಾರಿಯಿಂದ.

ದಾಖಲೆಗಳ ಮಾತು ಚಿಕ್ಕದಾಗಿ ಹೇಳಿದರೆ ಸಾಕು. ಜನನ ಪ್ರಮಾಣಪತ್ರ ನೀರಿನಲ್ಲಿ ಕೊಚ್ಚಿಹೋದರೆ ಹುಡುಗಿಯ ವಯಸ್ಸು ಯಾರು ಹೇಳಿದರೆ ಅದೇ ಆಗುತ್ತದೆ, ಮತ್ತು ಹೊಸದಾಗಿ ಬರೆಸಿಕೊಳ್ಳುವ ಕಾಗದದಲ್ಲಿ ಎರಡು ಮೂರು ವರ್ಷ ಸೇರಿಸುವುದು ಕಷ್ಟವಲ್ಲ. ಆಸ್ತಿಪತ್ರಕ್ಕಾಗಿ ತೆರೆಯುವ ಅರ್ಜಿ ಕೇಂದ್ರದಲ್ಲೇ ಮಕ್ಕಳ ಜನನ ದಾಖಲೆಗೂ ಜಾಗ ಕೊಡಿಸುವುದು, ಶಾಲೆಯ ದಾಖಲಾತಿ ಪುಸ್ತಕದ ಪ್ರತಿಯನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು, ಇಷ್ಟನ್ನು ತಪ್ಪದೆ ಮಾಡುತ್ತೇನೆ.

ಇದಕ್ಕಿಂತ ಹೆಚ್ಚು ಹೊತ್ತು ಬೇಡುವುದು ಪರಿಹಾರದ ನಿಯಮಗಳ ಪರಿಶೀಲನೆ. ಒಳ್ಳೆಯ ಉದ್ದೇಶದಿಂದ ಬರೆದ ನಿಯಮವೇ ಮದುವೆಗೆ ದಾರಿಯಾಗಬಹುದು ಎಂಬುದನ್ನು ಹೆಚ್ಚಿನ ಅಧಿಕಾರಿಗಳು ಊಹಿಸಿರುವುದಿಲ್ಲ. ನೆರವನ್ನು ಕುಟುಂಬದ ಲೆಕ್ಕದಲ್ಲಿ ಹಂಚಿದರೆ, ಹತ್ತು ಜನರ ಮನೆಗೂ ಮೂರು ಜನರ ಮನೆಗೂ ಒಂದೇ ಪೊಟ್ಟಣ. ಆಗ ದೊಡ್ಡ ಕುಟುಂಬದಲ್ಲಿ ಒಬ್ಬಳನ್ನು ಮದುವೆ ಮಾಡಿ ಕಳಿಸಿದರೆ ಉಳಿದವರ ಪಾಲು ಹೆಚ್ಚುತ್ತದೆ, ಮದುವೆಯಾದ ಜೋಡಿಗೆ ಹೊಸ ಕುಟುಂಬವೆಂದು ನೆರವಿನ ಇನ್ನೊಂದು ಚೀಟಿಯೂ ಸಿಗುತ್ತದೆ. 2004ರ ಡಿಸೆಂಬರಿನ ಸುನಾಮಿಯ ನಂತರ, ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ ಎಳೆಯ ಹುಡುಗಿಯರನ್ನು ಮದುವೆ ಮಾಡಿಕೊಟ್ಟ ಪ್ರಕರಣಗಳು ಇಂಡೋನೇಷ್ಯಾ, ಶ್ರೀಲಂಕಾ ಮತ್ತು ಭಾರತದ ಕರಾವಳಿಗಳಿಂದ ವರದಿಯಾಗಿದ್ದವು; ಕೆಲವು ಕಡೆ ಹೊಸ ಸಂಸಾರ ಹೂಡುವವರಿಗೆ ಸಿಗುತ್ತಿದ್ದ ನೆರವೂ ಅದಕ್ಕೆ ಒಂದು ಕಾರಣವಾಗಿತ್ತು. ಹಾಗಾಗಿ ಹಂಚಿಕೆಯ ಸಭೆಯಲ್ಲಿ ನಾನು ಮೂರು ವಿಷಯಗಳನ್ನು ಪಟ್ಟು ಹಿಡಿದು ಕೇಳುತ್ತೇನೆ. ನೆರವು ತಲೆಯೆಣಿಕೆಯ ಮೇಲೆ ಇರಬೇಕು. ವಿಪತ್ತಿನ ನಂತರ ನೋಂದಣಿಯಾದ ಹೊಸ ಕುಟುಂಬಕ್ಕೆ ಪ್ರತ್ಯೇಕ ಚೀಟಿ ಕೊಡುವ ಮುನ್ನ ಇಬ್ಬರ ವಯಸ್ಸಿನ ದಾಖಲೆಯನ್ನೂ ನೋಡಬೇಕು. ತಂದೆಯಿಲ್ಲದ ಮನೆಯಲ್ಲಿ ತಾಯಿಯ ಅಥವಾ ಅಜ್ಜಿಯ ಹೆಸರಿಗೇ ಚೀಟಿ ಕೊಡಬೇಕು. ಕೊನೆಯದನ್ನು ಒಪ್ಪಿಸಲು ಅತ್ಯಂತ ಹೆಚ್ಚು ಶ್ರಮಪಡಬೇಕಾಗುತ್ತದೆ. ಗಂಡಸಿನ ಹೆಸರಿಲ್ಲದೆ ನೆರವು ಸಿಗದು ಎಂಬ ಸ್ಥಿತಿಯಿದ್ದರೆ, ವಿಧವೆ ತಾಯಿ ಮಗಳಿಗೆ ಮದುವೆ ಮಾಡಿ ಅಳಿಯನ ಮೂಲಕವಾದರೂ ಮನೆಗೊಂದು ಗಂಡಸಿನ ಹೆಸರು ತರಲು ನೋಡುತ್ತಾಳೆ.

ನೆರವಿನ ಪರಿಣಾಮದ ಬಗ್ಗೆ ಬಾಂಗ್ಲಾದೇಶದಲ್ಲಿ ನಡೆದ ಒಂದು ದೊಡ್ಡ ಪ್ರಯೋಗವನ್ನು ನಾನು ಅನೇಕ ಸಭೆಗಳಲ್ಲಿ ಮುಂದಿಟ್ಟಿದ್ದೇನೆ. 15ರಿಂದ 17 ವಯಸ್ಸಿನ ಹುಡುಗಿಯರು ಅವಿವಾಹಿತರಾಗಿ ಉಳಿದಷ್ಟು ಕಾಲ ಅವರ ಮನೆಗೆ ಅಡುಗೆ ಎಣ್ಣೆ ಕೊಡುವ ಏರ್ಪಾಡು ಅದು. ಎಣ್ಣೆಯ ಬೆಲೆ ಮದುವೆಯ ಖರ್ಚಿನ ಎದುರು ಏನೂ ಅಲ್ಲ. ಆದರೂ ಬಾಲ್ಯವಿವಾಹ ಸುಮಾರು ಐದನೇ ಒಂದರಷ್ಟು ಇಳಿಯಿತು. ಅದೇ ಪ್ರಯೋಗದಲ್ಲಿ ಹುಡುಗಿಯರ ಸಬಲೀಕರಣದ ತರಬೇತಿಯಷ್ಟನ್ನೇ ಕೊಟ್ಟ ಕಡೆ ಮದುವೆಯ ವಯಸ್ಸು ಮುಂದಕ್ಕೆ ಹೋಗಲಿಲ್ಲ. ಇದರಿಂದ ತರಬೇತಿ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಆದರೆ ಮದುವೆಯ ತೀರ್ಮಾನ ಹುಡುಗಿಯ ಕೈಯಲ್ಲಿಲ್ಲದ ಸಮಾಜದಲ್ಲಿ ಅವಳಿಗೊಬ್ಬಳಿಗೇ ಅರಿವು ಮೂಡಿಸಿ ಹೊರಟುಬಿಡುವುದು ಅವಳ ಹೆಗಲಿಗೆ ಹೊರೆ ಹೊರಿಸಿದಂತೆ. ತೀರ್ಮಾನ ತೆಗೆದುಕೊಳ್ಳುವವರಿಗೆ ಕಾಯಲು ಒಂದು ಕಾರಣ ಕೊಡಬೇಕು, ಮತ್ತು ಆ ಕಾರಣವನ್ನು ಅವರು ನೆಂಟರಿಷ್ಟರ ಮುಂದೆ ತಲೆತಗ್ಗಿಸದೆ ಹೇಳುವಂತಿರಬೇಕು. ‘ಇಂಥ ನೆರವು ಬರುತ್ತಿದೆ, ಈಗಲೇ ಮಾಡಿದರೆ ನಿಂತುಹೋಗುತ್ತದೆ’ ಎಂಬ ಮಾತು ಅಂಥ ಕಾರಣ.

ಮನೆಮಾತುಕತೆಯನ್ನು ನಾನು ಎಂದೂ ಮದುವೆಯ ವಿಷಯದಿಂದ ಆರಂಭಿಸುವುದಿಲ್ಲ. ಸಾಲ ಎಷ್ಟಿದೆ, ದನಕರು ಏನಾಯಿತು, ಯಾರು ದುಡಿಯಲು ಹೊರಗೆ ಹೋಗಬೇಕಾಗಿದೆ, ಎಷ್ಟು ಕಾಲಕ್ಕೆ, ಆಗ ಮನೆಯಲ್ಲಿ ಯಾರು ಉಳಿಯುತ್ತಾರೆ ಎಂದು ಕೇಳುತ್ತೇನೆ. ಈ ಉತ್ತರಗಳಿಂದಲೇ ಯಾವ ಮನೆಯ ಹುಡುಗಿ ಅಪಾಯದಲ್ಲಿದ್ದಾಳೆಂದು ಗೊತ್ತಾಗುತ್ತದೆ. ಸಾಲ ಕೊಟ್ಟವನು ಅದೇ ಊರಿನವನಾಗಿದ್ದು, ತಾಯ್ತಂದೆ ಇಬ್ಬರೂ ವಲಸೆ ಹೋಗಬೇಕಾಗಿದ್ದು, ದೊಡ್ಡ ಮಗಳು ಶಾಲೆ ಬಿಟ್ಟಿದ್ದರೆ ಆ ಮನೆಗೆ ನಾನು ಮರುದಿನವೇ ಮತ್ತೆ ಹೋಗುತ್ತೇನೆ. ಹೀಗೆ ಬರೆದಿಟ್ಟ ಪಟ್ಟಿಯನ್ನು ಶಿಬಿರದ ಯಾರಿಗೂ ತೋರಿಸುವುದಿಲ್ಲ. ಅಪಾಯದಲ್ಲಿರುವ ಹುಡುಗಿಯರ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಅದೇ ದಲ್ಲಾಳಿಗಳಿಗೆ ದಾರಿತೋರಿಸುವ ಕಾಗದವಾಗುತ್ತದೆ. ಮಾತು ಮದುವೆಯತ್ತ ತಿರುಗಿದಾಗ, ಹೆಚ್ಚಿನ ಮನೆಗಳಲ್ಲಿ ನನಗೆ ಜೊತೆಯಾದವರು ಅಜ್ಜಿಯರು. ತಾವು ಎಳವೆಯಲ್ಲಿ ಹೆತ್ತು, ಮಕ್ಕಳನ್ನು ಕಳೆದುಕೊಂಡು, ದೇಹ ಹದಗೆಟ್ಟು ಬಾಳಿದ್ದನ್ನು ಅವರು ಮಗನ ಎದುರು ಹೇಳಿದಾಗ ಆ ಮಾತಿಗಿರುವ ತೂಕ ನನ್ನ ಯಾವ ಮಾತಿಗೂ ಬರಲಾರದು. ಅದನ್ನು ಹೇಳುವಂತೆ ಅವರನ್ನು ಒತ್ತಾಯಿಸಬಾರದು. ಅವರ ಬಳಿ ಕುಳಿತು ಕೇಳಿಸಿಕೊಂಡರೆ ತಾವಾಗಿಯೇ ಹೇಳುತ್ತಾರೆ.

ಧಾರ್ಮಿಕ ಮುಖಂಡರು ಮತ್ತು ಊರ ಹಿರಿಯರ ಪಾತ್ರವೂ ದೊಡ್ಡದು. ಆಫ್ರಿಕಾದ ಮಲಾವಿ ದೇಶದ ಡೆಡ್ಜಾ ಜಿಲ್ಲೆಯಲ್ಲಿ ಸಾಂಪ್ರದಾಯಿಕ ಮುಖ್ಯಸ್ಥೆಯಾಗಿದ್ದ ತೆರೆಸಾ ಕಚಿಂಡಮೊಟೊ ತಮ್ಮ ಕೈಕೆಳಗಿನ ಊರ ಮುಖಂಡರಿಂದ ಬಾಲ್ಯವಿವಾಹ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿಸಿ, ನೂರಾರು ಮದುವೆಗಳನ್ನು ರದ್ದುಪಡಿಸಿ, ಹುಡುಗಿಯರನ್ನು ಶಾಲೆಗೆ ಮರಳಿಸಿದರು. ಮಾತು ಕೇಳದ ಮುಖಂಡರನ್ನು ಹುದ್ದೆಯಿಂದ ತೆಗೆದರು. ಅಂಥ ಅಧಿಕಾರ ನಮ್ಮ ಬಳಿ ಇರುವುದಿಲ್ಲ. ಆದರೆ ಮದುವೆ ನಡೆಸಿಕೊಡುವವರು ವಯಸ್ಸಿನ ದಾಖಲೆ ನೋಡದೆ ಕೈಹಾಕುವುದಿಲ್ಲ ಎಂದು ಎಲ್ಲರೆದುರು ಹೇಳುವಂತೆ ಒಪ್ಪಿಸುವುದು ಸಾಧ್ಯ, ಮತ್ತು ಅದು ಫಲ ಕೊಡುತ್ತದೆ.

ಬರದ ಸ್ವಭಾವ ನೆರೆಗಿಂತ ಬೇರೆ. ನೆರೆ ಬಂದಾಗ ಶಿಬಿರ ಇರುತ್ತದೆ, ಕ್ಯಾಮೆರಾ ಇರುತ್ತದೆ, ನೆರವು ಬರುತ್ತದೆ; ಬರ ಸದ್ದಿಲ್ಲದೆ ಬಂದು ಉಳಿಯುತ್ತದೆ. ಬಿಸಿಲಿನ ಅಲೆಯೂ ಹಾಗೆಯೇ. ಬಾಂಗ್ಲಾದೇಶದಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, 30 ದಿನಕ್ಕಿಂತ ಹೆಚ್ಚು ಕಾಲ ಬಿಸಿಗಾಳಿ ಬೀಸಿದ ವರ್ಷಗಳಲ್ಲಿ 11ರಿಂದ 14 ವಯಸ್ಸಿನ ಹುಡುಗಿಯರ ಮದುವೆಯ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಬಿಸಿಲಿಗೆ ಯಾರೂ ಪರಿಹಾರ ಶಿಬಿರ ತೆರೆಯುವುದಿಲ್ಲ. ಇಂಥ ಕಡೆ ನಾನು ಗಮನಿಸುವ ಗುರುತುಗಳು ಬೇರೆ: ದನ ಮಾರಾಟ ಹೆಚ್ಚುವುದು, ನೀರು ತರಲು ಹುಡುಗಿಯರು ನಡೆಯುವ ದೂರ ಬೆಳೆಯುವುದು, ಅದರಿಂದ ಅವರು ಶಾಲೆಗೆ ತಡವಾಗಿ ಬಂದು ಆಮೇಲೆ ಬಾರದೇ ಹೋಗುವುದು, ವಲಸೆಯ ಮೇಸ್ತ್ರಿಗಳು ಊರಿಗೆ ಬಂದು ಮುಂಗಡ ಕೊಡುವುದು. ವಲಸೆ ಹೊರಡುವ ಮುನ್ನಿನ ವಾರಗಳೇ ಅತ್ಯಂತ ಅಪಾಯದವು, ಏಕೆಂದರೆ ಕೆಲಸದ ಜಾಗಕ್ಕೆ ಮಗಳನ್ನು ಕರೆದೊಯ್ಯಲೂ ಆಗದು, ಬಿಟ್ಟುಹೋಗಲೂ ಆಗದು ಎಂಬ ಇಕ್ಕಟ್ಟಿಗೆ ಮದುವೆಯೊಂದೇ ದಾರಿಯಾಗಿ ಕಾಣುತ್ತದೆ. ಆ ವಾರಗಳಿಗೆ ಮುಂಚೆಯೇ ವಸತಿನಿಲಯದಲ್ಲಿ ಜಾಗ ಹಿಡಿದಿಟ್ಟರೆ ತಾಯ್ತಂದೆ ನೆಮ್ಮದಿಯಿಂದ ಹೊರಡುತ್ತಾರೆ. ನೆರೆಪೀಡಿತ ಊರುಗಳಲ್ಲಿಯೂ ಮದುವೆಗಳ ಎರಡನೆಯ ಅಲೆಯೊಂದಿದೆ. ನೆರವು ನಿಂತು, ಸಾಲದ ಕಂತು ಆರಂಭವಾಗುವ ಹೊತ್ತಿಗೆ, ಅಂದರೆ ಸಂಸ್ಥೆಗಳೆಲ್ಲ ಡೇರೆ ಕಿತ್ತು ಹೊರಟ ಮೇಲೆ, ಮದುವೆಗಳು ಮತ್ತೆ ಹೆಚ್ಚುತ್ತವೆ. ಹೆಣ್ಣುಮಕ್ಕಳ ರಕ್ಷಣೆಯ ಯೋಜನೆಗೆ ಮೂರು ತಿಂಗಳ ಅವಧಿ ಕೊಡುವ ದಾನಿಗಳಿಗೆ ನಾನು ಇದನ್ನು ಪ್ರತಿ ಸಲವೂ ಬರೆಯುತ್ತೇನೆ; ಕನಿಷ್ಠ ಎರಡು ಸುಗ್ಗಿ ಕಳೆಯುವವರೆಗೆ ಒಬ್ಬರಾದರೂ ಅಲ್ಲಿರಬೇಕು.

ಕಾನೂನನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಬಿಟ್ಟುಬಿಡುವುದಿಲ್ಲ. ಮಗುವಿನ ನಿಶ್ಚಿತಾರ್ಥಕ್ಕೂ ಮದುವೆಗೂ ಕಾನೂನಿನ ಮಾನ್ಯತೆ ಇರಬಾರದೆಂದು ವಿಶ್ವಸಂಸ್ಥೆಯ 1979ರ ಮಹಿಳಾ ತಾರತಮ್ಯ ನಿವಾರಣಾ ಒಡಂಬಡಿಕೆಯ 16ನೆಯ ವಿಧಿ ಹೇಳುತ್ತದೆ. ಆದರೆ ದೇಶದಿಂದ ದೇಶಕ್ಕೆ ಕಾನೂನಿನ ಬಿಗಿ ಬೇರೆ. ಬಾಂಗ್ಲಾದೇಶದ 2017ರ ಕಾಯ್ದೆ ‘ವಿಶೇಷ ಸಂದರ್ಭ’ಗಳಿಗೆ ವಿನಾಯಿತಿ ಇಟ್ಟುಕೊಂಡಿದೆ, ಮತ್ತು ಇಂಥ ವಿನಾಯಿತಿಗಳು ವಿಪತ್ತಿನ ಕಾಲದಲ್ಲಿ ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ. ಭಾರತದ 2006ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಮುಂಚಿತವಾಗಿಯೇ ತಡೆಯಾಜ್ಞೆ ಕೊಡಬಹುದು, ಅದನ್ನು ಮೀರಿ ನಡೆದ ಮದುವೆ ಅಸಿಂಧು. ಮಾತುಕತೆ ಮುರಿದುಬಿದ್ದಾಗ, ಅಥವಾ ಬಂದಿರುವ ಗಂಡು ಸಾಗಣೆದಾರರ ಕಡೆಯವನೆಂಬ ಸಂಶಯ ಬಂದಾಗ ಒಂದು ಗಳಿಗೆಯೂ ತಡಮಾಡದೆ ಕಾನೂನಿನ ದಾರಿ ಹಿಡಿಯಬೇಕು. ಉಳಿದ ಕಡೆ ತಂದೆಯನ್ನು ಜೈಲಿಗೆ ಕಳಿಸುವುದರಿಂದ ಆ ಮನೆ ಇನ್ನಷ್ಟು ಕುಸಿಯುತ್ತದೆ, ತಂಗಿಯರ ಮದುವೆಗಳು ಗುಟ್ಟಾಗುತ್ತವೆ.

ಮದುವೆ ಆಗಿಯೇ ಹೋದ ಹುಡುಗಿಯರ ಬಗ್ಗೆ ಬರೆಯದಿದ್ದರೆ ಈ ಅನುಭವ ಅರ್ಧವಾಗುತ್ತದೆ. ನಮ್ಮ ಕೈಮೀರಿ ನಡೆದ ಮದುವೆಯ ನಂತರ ಬಹಳಷ್ಟು ಕಾರ್ಯಕರ್ತರು ಆ ಹೆಸರಿನ ಮುಂದೆ ಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಾರೆ. ಅವಳು ಇನ್ನೂ ಮಗುವೇ, ನಮ್ಮ ಜವಾಬ್ದಾರಿಯೇ. ಮೊದಲ ಬಸಿರನ್ನು ಮುಂದೂಡುವುದು ಎಲ್ಲಕ್ಕಿಂತ ತುರ್ತು. ಬೆಳವಣಿಗೆ ಮುಗಿಯದ ದೇಹಕ್ಕೆ ಹೆರಿಗೆಯ ಅಪಾಯ ದೊಡ್ಡದು, ವಿಪತ್ತಿನ ನಂತರ ಆಸ್ಪತ್ರೆಯೂ ದೂರ. ಆರೋಗ್ಯ ಕಾರ್ಯಕರ್ತೆಯೊಂದಿಗೆ ಅತ್ತೆಯ ಮನೆಗೆ ಹೋಗಿ, ಅತ್ತೆಯೊಂದಿಗೇ ಮೊದಲು ಮಾತಾಡಿ, ಹುಡುಗಿಗೆ ಗರ್ಭನಿರೋಧಕದ ದಾರಿ ಮಾಡಿಕೊಡುತ್ತೇವೆ. ಶಾಲೆಯ ದಾಖಲಾತಿಯಿಂದ ಅವಳ ಹೆಸರು ತೆಗೆಯದಂತೆ ನೋಡಿಕೊಳ್ಳುತ್ತೇವೆ, ಹೊರಗಿನಿಂದ ಪರೀಕ್ಷೆ ಬರೆಯುವ ಅವಕಾಶ ಕೊಡಿಸುತ್ತೇವೆ. ಭಾರತದಲ್ಲಾದರೆ ಅವಳು ಪ್ರಾಪ್ತಳಾಗಿ ಎರಡು ವರ್ಷ ತುಂಬುವವರೆಗೆ ಮದುವೆಯನ್ನು ರದ್ದುಪಡಿಸುವಂತೆ ತಾನೇ ಅರ್ಜಿ ಹಾಕಬಹುದು ಎಂಬುದನ್ನು ಅವಳೊಬ್ಬಳೇ ಇರುವಾಗ ತಿಳಿಸುತ್ತೇವೆ, ಏಕೆಂದರೆ ಆ ಮಾತು ಮನೆಯವರ ಕಿವಿಗೆ ಬಿದ್ದರೆ ನಮ್ಮ ಮುಂದಿನ ಭೇಟಿಗೆ ಬಾಗಿಲು ತೆರೆಯುವುದಿಲ್ಲ. ಅವಳು ಅರ್ಜಿ ಹಾಕಲೇಬೇಕೆಂದು ನಾವು ಒತ್ತಾಯಿಸುವುದಿಲ್ಲ. ವಯಸ್ಸಿನ ದಾಖಲೆಯ ಒಂದು ಪ್ರತಿಯನ್ನು ಅವಳು ಸೂಚಿಸಿದವರ ಬಳಿ, ಸಾಮಾನ್ಯವಾಗಿ ಅವಳ ಶಿಕ್ಷಕಿಯ ಬಳಿ, ಇಟ್ಟು ಬರುತ್ತೇವೆ.